ಮನೆ ಶೆಡ್ಡಿಗೆ ಕಂಪ್ರೆಸರ್: ಎಚ್‌ಪಿ ಬಿಡಿ, ಎಷ್ಟು ಗಾಳಿ ಕೊಡುತ್ತೆ ಅಂತ ಕೇಳಿ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು 30×40 ಸೈಟಿನ ಮನೆ. ಕಾರ್ ಶೆಡ್ಡಿನ ಒಂದು ಪಕ್ಕ ಬೆಂಚು ಹಾಕಿಕೊಂಡು ರಜೆಯ ದಿನ ಮರಗೆಲಸ ಮಾಡುತ್ತೇನೆ. ಹಳೇ ಬೈಕೊಂದನ್ನು ಬಿಚ್ಚಿ ಪೇಂಟ್ ಮಾಡುವ ಆಸೆಯೂ ಇದೆ. ಟೈರಿಗೆ ಗಾಳಿ, ಮೊಳೆ ಹೊಡೆಯುವ ನೇಲರ್, ಬೋಲ್ಟ್ ಬಿಚ್ಚುವ ಇಂಪ್ಯಾಕ್ಟ್ ರೆಂಚ್, ಉಜ್ಜಿ ನುಣುಪು ಮಾಡುವ ಸ್ಯಾಂಡರ್, ಸ್ಪ್ರೇ ಗನ್, ಎಲ್ಲಕ್ಕೂ ಒಂದೇ ಕಂಪ್ರೆಸರ್ ಸಾಕಾ ಸರ್? ಅಂಗಡಿಯವರು 2 ಎಚ್‌ಪಿ, 50 ಲೀಟರ್‌ದು ತಗೊಳ್ಳಿ, ಎಲ್ಲಾ ನಡೆಯುತ್ತೆ ಅಂದರು. ಆನ್‌ಲೈನ್‌ನಲ್ಲಿ ಎಣ್ಣೆ ಹಾಕದೆ ಓಡುವ ಆಯಿಲ್-ಫ್ರೀ ಇನ್ನೂ ಕಡಿಮೆಗೆ ಸಿಗುತ್ತಿದೆ. ಯಾವುದು ತಗೊಳ್ಳಲಿ?

ಉತ್ತರ: ನಿಮ್ಮ ಪಟ್ಟಿಯಿಂದ ಸ್ಯಾಂಡರ್ ಒಂದನ್ನು ತೆಗೆದುಬಿಡಿ. ಆಮೇಲೆ ಅಂಗಡಿಯವರು ಹೇಳಿದ್ದು ಬಹುಪಾಲು ಸರಿ. ಸ್ಯಾಂಡರ್ ಇರುವವರೆಗೆ 2 ಎಚ್‌ಪಿ ಬಿಡಿ, 3 ಎಚ್‌ಪಿ ತಂದರೂ ಏದುಸಿರು ಬಿಡುತ್ತೆ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಕೊಳ್ಳುವಾಗ ಎಲ್ಲರೂ ಕೇಳುವುದು ಎಚ್‌ಪಿ ಎಷ್ಟು, ಟ್ಯಾಂಕ್ ಎಷ್ಟು ಲೀಟರ್ ಅಂತ. ಟೂಲ್‌ಗೆ ಬೇಕಿರುವುದು ಇವೆರಡೂ ಅಲ್ಲ, ನಿಮಿಷಕ್ಕೆ ಇಷ್ಟು ಅಂತ ಬಿಡದೆ ಬರುವ ಗಾಳಿ. ಅದನ್ನು ಸಿಎಫ್‌ಎಂ ಲೆಕ್ಕದಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಅಂತ ಹೇಳುತ್ತಾರೆ. 1 ಸಿಎಫ್‌ಎಂ ಅಂದರೆ ನಿಮಿಷಕ್ಕೆ ಸುಮಾರು 28 ಲೀಟರ್. ಬೋರ್‌ವೆಲ್‌ನಲ್ಲಿ ನೀರು ಕಡಿಮೆ ಇದ್ದರೆ ಮನೆ ಮೇಲೆ ಎಷ್ಟು ದೊಡ್ಡ ಸಿಂಟೆಕ್ಸ್ ಇಟ್ಟು ಏನು ಬಂತು? ಇಲ್ಲೂ ಅಷ್ಟೇ, ಪಂಪು ಬೋರ್‌ವೆಲ್, ಟ್ಯಾಂಕು ಸಿಂಟೆಕ್ಸ್.

ಡಬ್ಬದ ಮೇಲೆ ದೊಡ್ಡದಾಗಿ ಬರೆದ ಸಿಎಫ್‌ಎಂ ನೋಡಿ ಖುಷಿಪಡಬೇಡಿ. ಅದು ಸಾಮಾನ್ಯವಾಗಿ ಡಿಸ್‌ಪ್ಲೇಸ್‌ಮೆಂಟ್, ಪಿಸ್ಟನ್ ಒಳಗೆ ಎಳೆದುಕೊಳ್ಳುವ ಗಾಳಿಯ ಲೆಕ್ಕ. ಹೊರಗೆ ನಿಜವಾಗಿ ಬರುವುದಕ್ಕೆ ಫ್ರೀ ಏರ್ ಡೆಲಿವರಿ, ಎಫ್‌ಎಡಿ ಅನ್ನುತ್ತಾರೆ. ಮನೆ ಬಳಕೆಯ ಚಿಕ್ಕ ಮಷಿನ್‌ಗಳಲ್ಲಿ ಅದು ಹೆಚ್ಚುಕಡಿಮೆ ಶೇಕಡಾ 60ರಿಂದ 70ರಷ್ಟು. ಅಂಗಡಿಯಲ್ಲಿ ‘ಎಫ್‌ಎಡಿ ಎಷ್ಟು, ಯಾವ ಪ್ರೆಶರ್‌ನಲ್ಲಿ’ ಅಂತ ಕೇಳಿ. ಉತ್ತರ ಬರದಿದ್ದರೆ ಒಂದು ಎಚ್‌ಪಿಗೆ 2.5ರಿಂದ 3 ಸಿಎಫ್‌ಎಂ ಅಂತ ಇಟ್ಟುಕೊಳ್ಳಿ.

ಹಾಗಾದರೆ ನಿಮ್ಮ 2 ಎಚ್‌ಪಿ ಮಷಿನ್ ಕೊಡುವುದು ಸುಮಾರು 5 ಸಿಎಫ್‌ಎಂ. ಗಾಳಿಯಲ್ಲಿ ಓಡುವ ಆರು ಇಂಚಿನ ಸ್ಯಾಂಡರ್ ಕೇಳುವುದು 10ರ ಆಸುಪಾಸು, ಅದೂ ಬಿಡುವಿಲ್ಲದೆ. ಒತ್ತಡವನ್ನು ಬಾರ್ ಲೆಕ್ಕದಲ್ಲಿ ಹೇಳುತ್ತಾರೆ, 1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. 50 ಲೀಟರ್ ಟ್ಯಾಂಕು 8 ಬಾರ್‌ನಿಂದ 6 ಬಾರ್‌ಗೆ ಇಳಿಯುವಾಗ ಹೊರಗೆ ಕೊಡುವುದು 50×2, ಅಂದರೆ 100 ಲೀಟರ್ ಗಾಳಿ. ಸ್ಯಾಂಡರ್ ನಿಮಿಷಕ್ಕೆ 280 ಲೀಟರ್ ತಿನ್ನುತ್ತೆ, ಪಂಪು 140 ತುಂಬುತ್ತೆ. ಮುಕ್ಕಾಲು ನಿಮಿಷದೊಳಗೆ ಆ 100 ಲೀಟರ್ ಮುಗಿಯಿತು. ಅಲ್ಲಿಂದ ಸ್ಯಾಂಡರ್ ಸುಸ್ತಾಗುತ್ತಾ ಹೋಗುತ್ತೆ, ಮೋಟಾರು ನಿಲ್ಲುವುದೇ ಇಲ್ಲ. ಚಿಕ್ಕ ಕಂಪ್ರೆಸರ್‌ಗಳು ಅರ್ಧ ಹೊತ್ತು ಓಡಿ ಅರ್ಧ ಹೊತ್ತು ತಣ್ಣಗಾಗಲಿ ಅಂತ ಮಾಡಿದವು. ಹೀಗೆ ಓಡಿಸಿದರೆ ಹೆಡ್ಡು ಕಾದು ವಾಲ್ವ್ ಪ್ಲೇಟು, ರಿಂಗು ಹಾಳಾಗುತ್ತವೆ. ಕರೆಂಟಿನ ರ್‍ಯಾಂಡಮ್ ಆರ್ಬಿಟ್ ಸ್ಯಾಂಡರ್ ಒಂದನ್ನು ಬೇರೆ ತಗೊಳ್ಳಿ. 300 ವ್ಯಾಟ್ ಆಸುಪಾಸಿನದು ಮನೆಗೆ ಧಾರಾಳ.

ಉಳಿದವು ಅಷ್ಟು ಹೊಟ್ಟೆಬಾಕ ಅಲ್ಲ. ನೇಲರ್ ಒಂದೊಂದು ಹೊಡೆತಕ್ಕೆ ಚೂರೇ ಚೂರು ಗಾಳಿ ತಗೊಳ್ಳುತ್ತೆ. ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚ್ ಸರಾಸರಿ 4-5 ಸಿಎಫ್‌ಎಂ ಕೇಳಿದರೂ ನೀವು ಅದನ್ನು ಓಡಿಸುವುದು ಬೋಲ್ಟಿಗೆ ಕೆಲವೇ ಸೆಕೆಂಡ್, ಟ್ಯಾಂಕು ನಿಭಾಯಿಸುತ್ತೆ. ಟೈರು ಲೆಕ್ಕಕ್ಕೇ ಇಲ್ಲ. ನಿಮಗೆ ಬರೀ ಟೈರಿಗೆ ಗಾಳಿ ಹಿಡಿಯುವುದಿದ್ದರೆ ಕಾರಿನ 12 ವೋಲ್ಟ್ ಇನ್‌ಫ್ಲೇಟರ್ ಸಾಕು, ಕಂಪ್ರೆಸರೇ ಬೇಡ ಅಂತ ಹೇಳುತ್ತಿದ್ದೆ.

ನಿಜವಾಗಿ ಯೋಚನೆ ಮಾಡಬೇಕಾದ್ದು ಸ್ಪ್ರೇ ಗನ್ ವಿಷಯದಲ್ಲಿ. ಎಚ್‌ವಿಎಲ್‌ಪಿ, ಅಂದರೆ ಹೆಚ್ಚು ಗಾಳಿ, ಕಡಿಮೆ ಒತ್ತಡದ ಗನ್‌ಗಳು 8ರಿಂದ 12 ಸಿಎಫ್‌ಎಂ ಕೇಳುತ್ತವೆ, ನಿಮ್ಮ ಮಷಿನ್‌ಗೆ ಅದು ಆಗದ ಮಾತು. ಎಲ್‌ವಿಎಲ್‌ಪಿ ಅಂತ ಕಡಿಮೆ ಗಾಳಿಯ ಗನ್ ಬರುತ್ತೆ, 4-5ರಲ್ಲಿ ಕೆಲಸ ಮುಗಿಸುತ್ತೆ. 1.3 ಎಂಎಂ ನಾಜಲ್‌ನದು ತಗೊಳ್ಳಿ. ಬೈಕಿನ ಪೆಟ್ರೋಲ್ ಟ್ಯಾಂಕು, ಸೈಡ್ ಕವರ್, ಮಡ್‌ಗಾರ್ಡ್ ಎಲ್ಲ ಬಿಡಿ ಬಿಡಿ ಚಿಕ್ಕ ಭಾಗಗಳು. ಒಂದು ಮುಗಿಸಿ ಇನ್ನೊಂದು ಕೈಗೆ ತಗೊಳ್ಳುವಷ್ಟರಲ್ಲಿ ಪಂಪು ಸುಧಾರಿಸಿಕೊಳ್ಳುತ್ತೆ. ಆದರೆ ಇಡೀ ಕಾರಿಗೆ ಈ ಮಷಿನ್‌ನಲ್ಲಿ ಪೇಂಟ್ ಹೊಡೆಯಲು ಹೋಗಬೇಡಿ. ಬಾನೆಟ್ ಮಧ್ಯದಲ್ಲಿ ಪ್ರೆಶರ್ ಬಿತ್ತು ಅಂದರೆ ಹನಿ ದಪ್ಪವಾಗಿ, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಆಗುತ್ತೆ.

ಈಗ ಆಯಿಲ್-ಫ್ರೀ ಮಾತು. ಇದರಲ್ಲಿ ಎರಡು ಜಾತಿ ಇವೆ, ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಒಂದು, ನಿಮಿಷಕ್ಕೆ 2,800 ಸುತ್ತು ತಿರುಗುವ ಬೆಲ್ಟ್ ಇಲ್ಲದೆ ಮೋಟಾರೇ ನೇರ ಪಂಪನ್ನು ಓಡಿಸುವ ಅಗ್ಗದ ಡೈರೆಕ್ಟ್ ಡ್ರೈವ್. ಅದರ ಸದ್ದು 90 ಡೆಸಿಬೆಲ್ ಮುಟ್ಟುತ್ತೆ. 30×40 ಸೈಟಿನಲ್ಲಿ ನಿಮ್ಮ ಶೆಡ್ಡಿನ ಗೋಡೆಯಾಚೆ ಪಕ್ಕದ ಮನೆಯವರ ಮಲಗುವ ಕೋಣೆ ಇರಬಹುದು ಅಲ್ವಾ? ಇನ್ನೊಂದು, 1,400 ಸುತ್ತಿನ ‘ಸೈಲೆಂಟ್’ ಮಾದರಿ, ಹಲ್ಲಿನ ಡಾಕ್ಟರ ಕ್ಲಿನಿಕ್‌ಗಳಲ್ಲಿ ಇರುವಂಥದ್ದು. ಸದ್ದು 70 ಡೆಸಿಬೆಲ್ ಒಳಗೆ. ಗಾಳಿಯಲ್ಲಿ ಎಣ್ಣೆ ಬರುವುದಿಲ್ಲ, ಪೇಂಟಿಗೆ ಅದು ದೊಡ್ಡ ಅನುಕೂಲ. ಬೆಲೆ ಜಾಸ್ತಿ, ಆದರೂ ನಿಮ್ಮ ಕೆಲಸಕ್ಕೆ, ನಿಮ್ಮ ಜಾಗಕ್ಕೆ ನಾನು ಹೇಳುವುದು ಇದನ್ನೇ. ಎಫ್‌ಎಡಿ 5 ಸಿಎಫ್‌ಎಂಗೆ ಕಡಿಮೆ ಇರದಂತೆ ಮಾತ್ರ ನೋಡಿಕೊಳ್ಳಿ. ಸದ್ದಿನ ಚಿಂತೆ ಇಲ್ಲದೆ, ಹತ್ತಾರು ವರ್ಷ ಬಾಳಿಕೆ ಬರಲಿ ಅನ್ನುವವರಿಗೆ ಎಣ್ಣೆ ಹಾಕುವ ಬೆಲ್ಟ್ ಮಷಿನ್ನೇ ಸೈ. ಅದಕ್ಕೆ ಕಂಪ್ರೆಸರ್ ಆಯಿಲ್ಲೇ ಹಾಕಬೇಕು. ಬೈಕಿನ ಎಂಜಿನ್ ಆಯಿಲ್‌ನಲ್ಲಿ ಡಿಟರ್ಜೆಂಟ್ ಇರುತ್ತೆ, ಅದು ನೀರನ್ನು ತನ್ನೊಳಗೇ ಹಿಡಿದಿಟ್ಟುಕೊಂಡು ವಾಲ್ವ್ ಮೇಲೆ ಕಿಟ್ಟ ಕಟ್ಟಿಸುತ್ತೆ.

ಯಾವುದೇ ಆಗಲಿ, ಅಂಗಡಿಯಲ್ಲೇ ಒಮ್ಮೆ ಓಡಿಸಿ ನೋಡಿ. ಟ್ಯಾಂಕಿನ ಹೊರ ವಾಲ್ವ್ ಮುಚ್ಚಿ, ಮಷಿನ್ ಹಾಕಿ. ಗೇಜಿನ ಮುಳ್ಳು 4 ಬಾರ್‌ಗೆ ಬಂದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, 6 ಬಾರ್‌ಗೆ ನಿಲ್ಲಿಸಿ. 50 ಲೀಟರ್ ಟ್ಯಾಂಕಿಗೆ 2 ಬಾರ್ ಏರಿದೆ, ಅಂದರೆ 100 ಲೀಟರ್ ಗಾಳಿ ಒಳಗೆ ಹೋಗಿದೆ. 40 ಸೆಕೆಂಡ್ ಹಿಡಿದಿದ್ದರೆ ನಿಮಿಷಕ್ಕೆ 150 ಲೀಟರ್, ಅಂದರೆ 5 ಸಿಎಫ್‌ಎಂ ಮೇಲಾಯಿತು. ಪೂರ್ತಿ ಒಂದು ನಿಮಿಷ ಹಿಡಿಯಿತಾ? ಹಾಗಾದರೆ ಮೂರೂವರೆ ಅಷ್ಟೇ, ಡಬ್ಬದ ಮೇಲೆ ಏನೇ ಬರೆದಿರಲಿ. ಮೋಟಾರು ನಿಂತ ಕೂಡಲೇ ‘ಪುಸ್’ ಅಂತ ಗಾಳಿ ಬಿಡಬೇಕು. ಹೆಡ್ಡಿನ ಪೈಪಿನಲ್ಲಿ ಸಿಕ್ಕಿಕೊಂಡ ಒತ್ತಡ ಹಾಗೆ ಹೊರಹೋಗುತ್ತೆ. ಹೋಗದಿದ್ದರೆ ಮುಂದಿನ ಸಲ ಮೋಟಾರು ಭಾರ ಹೊತ್ತೇ ಏಳಬೇಕು, ಗುಂಯ್ ಅಂತ ನಿಂತುಬಿಡುತ್ತೆ.

ಕರೆಂಟಿನ ವಿಷಯಕ್ಕೆ ಬಂದರೆ, 2 ಎಚ್‌ಪಿ ಮೋಟಾರು ಓಡುವಾಗ 9-10 ಆಂಪಿಯರ್ ಎಳೆಯುತ್ತೆ, ಏಳುವಾಗ ಒಂದು ಕ್ಷಣ ಅದರ ಐದಾರು ಪಟ್ಟು. ಮೇನ್ ಬೋರ್ಡಿನಿಂದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಅದಕ್ಕೇ ಒಂದು ಲೈನ್ ಎಳೆಸಿ. 16 ಆಂಪಿಯರ್ ಸಾಕೆಟ್, ಸಿ-ಟೈಪ್ ಎಂಸಿಬಿ ಇರಲಿ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. ದೂರ ಮುಟ್ಟಬೇಕಿದ್ದರೆ ವೈರಿನ ಬದಲು ಗಾಳಿ ಪೈಪನ್ನು ಉದ್ದ ಮಾಡಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತಲೂ ನೋಡಿ. 3 ಕಿಲೋವ್ಯಾಟ್ ಇದ್ದು ಗೀಸರ್, ಕಂಪ್ರೆಸರ್ ಎರಡೂ ಒಟ್ಟಿಗೆ ಓಡಿದರೆ ಮಿತಿ ದಾಟುತ್ತೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮುಚ್ಚಿದ ಗ್ಯಾರೇಜೊಂದರ 3 ಎಚ್‌ಪಿ, 160 ಲೀಟರ್ ಬೆಲ್ಟ್ ಕಂಪ್ರೆಸರ್ ಅಗ್ಗಕ್ಕೆ ಸಿಗುತ್ತಿದೆ. ಮನೆಗೆ ತರಬಹುದೇ?

ಉತ್ತರ: ಪಂಪು, ಮೋಟಾರು ಆಮೇಲೆ. ಮೊದಲು ಟ್ಯಾಂಕಿನ ಹೊಟ್ಟೆಯ ಕೆಳಗೆ ಕೈ ಹಾಕಿ ನೋಡಿ. ರಿಂಗು, ವಾಲ್ವ್, ಬೆಲ್ಟ್ ಎಲ್ಲ ಹೊಸದು ಸಿಗುತ್ತೆ. ಒಳಗಿಂದ ತುಕ್ಕು ತಿಂದ ಟ್ಯಾಂಕಿಗೆ ಮದ್ದಿಲ್ಲ. ನೀರು ನಿಲ್ಲುವುದು ತಳದಲ್ಲಿ, ಹಾಗಾಗಿ ತಗಡು ತೆಳ್ಳಗಾಗುವುದೂ ಅಲ್ಲೇ, ಹೊರಗಿಂದ ಪೇಂಟು ಹೊಳೆಯುತ್ತಲೇ ಇರುತ್ತೆ. ಡ್ರೈನ್ ವಾಲ್ವ್ ಬಿಚ್ಚಿಸಿ. ಕಂದು ನೀರು ಬಂದರೆ ಅದು ಮಾಮೂಲು, ತುಕ್ಕಿನ ಹಕ್ಕಳೆಗಳು ಉದುರಿದರೆ ಅಲ್ಲಿಗೇ ಬಿಟ್ಟುಬಿಡಿ. ಮೈಮೇಲೆ ಎಲ್ಲಾದರೂ ವೆಲ್ಡಿಂಗ್ ತೇಪೆ ಇದ್ದರೂ ಬೇಡ, ತಯಾರಕರ ಹೆಸರು, ವರ್ಕಿಂಗ್ ಪ್ರೆಶರ್ ಇರುವ ಪ್ಲೇಟು ಇಲ್ಲದಿದ್ದರೂ ಬೇಡ.

ಇಷ್ಟರಲ್ಲಿ ಪಾಸಾದರೆ ಹೈಡ್ರೋ ಟೆಸ್ಟ್ ಮಾಡಿಸಿ. ಟ್ಯಾಂಕಿಗೆ ಕಂಠಮಟ್ಟ ನೀರು ತುಂಬಿ, ಕೈಪಂಪಿನಿಂದ ವರ್ಕಿಂಗ್ ಪ್ರೆಶರ್‌ನ ಒಂದೂವರೆ ಪಟ್ಟು ಒತ್ತಡ ಕೊಟ್ಟು ನೋಡುತ್ತಾರೆ. ನೀರು ಗಾಳಿಯಷ್ಟು ಕುಗ್ಗುವುದಿಲ್ಲ, ಹಾಗಾಗಿ ಬಿರುಕು ಬಿಟ್ಟರೂ ಸೋರಿ ನಿಲ್ಲುತ್ತೆ. ಗಾಳಿ ತುಂಬಿಯೇ ಟೆಸ್ಟ್ ಮಾಡುತ್ತೇವೆ ಅನ್ನುವವರ ಹತ್ತಿರ ನಿಲ್ಲಲೂ ಬೇಡಿ, ಸಿಡಿದರೆ ಪ್ರಾಣಕ್ಕೇ ಸಂಚಕಾರ. ಸೇಫ್ಟಿ ವಾಲ್ವ್ ಹಳೆಯದು ಹೇಗೇ ಇರಲಿ, ಹೊಸದು ಹಾಕಿಸಿ. ಗ್ಯಾರೇಜಿನ ಮೋಟಾರು ತ್ರೀ ಫೇಸ್ ಇರುವ ಸಾಧ್ಯತೆಯೇ ಜಾಸ್ತಿ. ನಿಮ್ಮ ಮನೆಗೆ ಸಿಂಗಲ್ ಫೇಸ್ ಮಾತ್ರ ಇದ್ದರೆ ಮೋಟಾರಿನ ಖರ್ಚನ್ನೂ ಸೇರಿಸಿ ಬೆಲೆ ಮಾತಾಡಿ. ಪಂಪಿನ ರಿಂಗು ಸವೆದಿದೆಯಾ ಅಂತ ತಿಳಿಯಲು ಹೋಸ್ ಬಾಯಿಗೆ ಬಿಳಿ ಕಾಗದ ಹಿಡಿದು ಅರ್ಧ ನಿಮಿಷ ಗಾಳಿ ಬಿಡಿ, ಎಣ್ಣೆ ಚುಕ್ಕೆ ಎಷ್ಟು ಬೀಳುತ್ತೆ ನೋಡಿ.

ಪ್ರಶ್ನೆ: ನಾವು ಉಡುಪಿಯವರು. ಮಳೆಗಾಲದಲ್ಲಿ ಕಪಾಟಿನ ಬಾಗಿಲಿಗೆ ಸ್ಪ್ರೇ ಮಾಡಿದರೆ ಲ್ಯಾಕರ್ ಹಾಳಾಗುತ್ತಿದೆ. ಕಂಪ್ರೆಸರ್‌ಗೆ ನೀರಿನ ಫಿಲ್ಟರ್ ಹಾಕಿಸಿದರೂ ಉಪಯೋಗವಾಗಿಲ್ಲ.

ಉತ್ತರ: ಫಿಲ್ಟರನ್ನು ಕಂಪ್ರೆಸರ್‌ನ ಬಾಯಿಗೇ ಕೂರಿಸಿರಬೇಕು ನೀವು. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ಫಿಲ್ಟರ್ ದಾಟಿಹೋಗುತ್ತೆ. ಮುಂದೆ ಪೈಪಿನಲ್ಲಿ ತಣ್ಣಗಾದ ಮೇಲೆ ಹನಿಯಾಗಿ ಗನ್ನಿನಿಂದ ಚಿಮ್ಮುತ್ತೆ. ನಿಮ್ಮೂರಿನ ಮಳೆಗಾಲದ ಗಾಳಿಯಲ್ಲಿ ಘನ ಮೀಟರಿಗೆ 20 ಗ್ರಾಂ ಮೇಲೆ ನೀರಿರುತ್ತೆ. 3 ಸಿಎಫ್‌ಎಂ ಮಷಿನ್ ಒಂದು ಗಂಟೆ ಓಡಿದರೆ ಐದು ಘನ ಮೀಟರ್ ಗಾಳಿ ಒಳಗೆ ಹೋಗುತ್ತೆ. ಅದನ್ನು 8 ಬಾರ್‌ಗೆ ಒತ್ತಿ ತಣ್ಣಗಾಗಿಸಿದಾಗ ನೀರಿನ ಬಹುಪಾಲು ಹೊರಬೀಳುತ್ತೆ, ಹತ್ತಿರ ಹತ್ತಿರ ಒಂದು ಲೋಟ ಟೀಯಷ್ಟು. ಹಾಗಾಗಿ ಟ್ಯಾಂಕಿನಿಂದ ಏಳೆಂಟು ಮೀಟರ್ ಪೈಪ್ ಎಳೆದು, ಅದರ ಕೊನೆಯಲ್ಲಿ ಫಿಲ್ಟರ್ ಹಾಕಿ, ಅಲ್ಲಿಂದ ಗನ್ನಿಗೆ ಚಿಕ್ಕ ಹೋಸ್ ಕೊಡಿ. ಗಂಟೆಗೊಮ್ಮೆ ಟ್ಯಾಂಕಿನ ಡ್ರೈನ್ ಬಿಡಿ. ಆ ಪೈಪಿಗೆ ಮಾತ್ರ ಪಿವಿಸಿ ಬಳಸಬೇಡಿ. ಒಡೆದರೆ ಚೂರು ಚೂರಾಗಿ ಹಾರುತ್ತೆ, ಕಣ್ಣು ಹೋಗಬಹುದು. ಜಿಐ, ತಾಮ್ರ, ಇಲ್ಲವೇ ಗಾಳಿಗೆಂದೇ ಬರುವ ಹೋಸ್ ಹಾಕಿ.

ಲ್ಯಾಕರ್ ಹೇಗೆ ಹಾಳಾಗುತ್ತಿದೆ ಅಂತ ನೀವು ಬರೆದಿಲ್ಲ. ಅಲ್ಲಲ್ಲಿ ಗುಳ್ಳೆ, ಹನಿ ಬಿದ್ದ ಗುರುತು ಇದ್ದರೆ ಮೇಲೆ ಹೇಳಿದ್ದು ಸಾಕು. ಸಣ್ಣ ಸಣ್ಣ ದುಂಡನೆಯ ಕುಳಿ ಬಿದ್ದು ತಳ ಕಾಣುತ್ತಿದ್ದರೆ ಅದು ನೀರಲ್ಲ, ಎಣ್ಣೆ ಅಥವಾ ಸಿಲಿಕಾನ್. ಇಡೀ ಬಾಗಿಲು ಬೆಳ್ಳಗೆ ಮಬ್ಬಾಗುತ್ತಿದ್ದರೆ ಯಾವ ಫಿಲ್ಟರ್ ಹಾಕಿದರೂ ಹೋಗುವುದಿಲ್ಲ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಶೆಡ್ಡಿನ ಗಾಳಿಯಲ್ಲಿರುವ ತೇವವೇ ಬಂದು ಅದರ ಮೇಲೆ ಕೂರುತ್ತೆ. ನಿಧಾನ ಆರುವ ಥಿನ್ನರ್, ಅಂದರೆ ರಿಟಾರ್ಡರ್ ಬೆರೆಸಿ, ಇಲ್ಲವೇ ಮಳೆ ಬಿಟ್ಟು ಬಿಸಿಲು ಬಂದ ದಿನ ಕೆಲಸ ಮಾಡಿ. ಮಳೆ ಅಂತ ಬಾಗಿಲು ಮುಚ್ಚಿಕೊಂಡು ಮಾತ್ರ ಹೊಡೆಯಬೇಡಿ. ಥಿನ್ನರ್ ಆವಿ ತುಂಬಿದ ಕೋಣೆಯಲ್ಲಿ ಕಂಪ್ರೆಸರ್ ಸ್ವಿಚ್ಚಿನ ಒಂದು ಕಿಡಿ ಸಾಕು ಬೆಂಕಿ ಹತ್ತೋಕೆ. ಮಷಿನ್ ಹೊರಗಿರಲಿ, ಹೋಸ್ ಮಾತ್ರ ಒಳಗೆ ಬರಲಿ. ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟ್ ಬಳಸುವುದಾದರೆ ಬಟ್ಟೆ ಮಾಸ್ಕ್ ಏನಕ್ಕೂ ಸಾಲದು. ಅದರಲ್ಲಿರುವ ಐಸೊಸಯನೇಟ್‌ಗೆ ವಾಸನೆಯೇ ಹೆಚ್ಚಿಲ್ಲ, ಒಳಗೆ ಹೋಗಿದ್ದು ಗೊತ್ತಾಗುವುದಿಲ್ಲ, ಒಮ್ಮೆ ದೇಹಕ್ಕೆ ಒಗ್ಗದೆ ಹೋದರೆ ಆಸ್ತಮಾ ಕಾಯಂ ಆಗಿಬಿಡಬಹುದು. ಅಂಥ ಕೆಲಸವನ್ನು ಶುದ್ಧ ಗಾಳಿ ಒದಗಿಸುವ ಮಾಸ್ಕ್ ಇರುವ ಪೇಂಟಿಂಗ್ ಬೂತಿಗೆ ಕೊಡಿ.