ಪೂಲಕ್ಕೆ ನೀರು ಎಷ್ಟು ಫೂಟು?

ಮಳೆಗಾಲದಲ್ಲಿ ಮಹಾರಾಷ್ಟ್ರದ ಸಾಂಗ್ಲಿಯ ಸುದ್ದಿ ಬಂದಾಗೆಲ್ಲ "ಐರ್ವಿನ್ ಪೂಲ" ಅಂತ ಯಾಕೆ ಹೇಳ್ತಾರೆ ಅಂತ ಕೇಳಿದ್ದೀರಿ. ನಾನು ಜತ್ತ ತಾಲ್ಲೂಕಿನವನು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಕೆಲಸಕ್ಕೆ ಸಾಂಗ್ಲಿಗೆ ಬಂದು ಇಲ್ಲೇ ಉಳಿದಿದ್ದೇನೆ.

ಪೂಲ ಅಂದರೆ ಸೇತುವೆ. ಕೃಷ್ಣೆಯ ಈ ದಂಡೆಗೆ ಸಾಂಗ್ಲಿ, ಆ ದಂಡೆಗೆ ಸಾಂಗ್ಲಿವಾಡಿ, ನಡುವೆ ಕಲ್ಲಿನ ಕಮಾನುಗಳ ಈ ಸೇತುವೆ. ಆಗ ಸಾಂಗ್ಲಿ ಒಂದು ಸಂಸ್ಥಾನ, ರಾಜರು ಚಿಂತಾಮಣರಾವ್ ಪಟವರ್ಧನ್. ಅವರು ಕಟ್ಟಿಸಿದರು, 1929ರಲ್ಲಿ ವೈಸ್‌ರಾಯ್ ಲಾರ್ಡ್ ಇರ್ವಿನ್ ಉದ್ಘಾಟಿಸಿದರು. ಹೆಸರು ಅವರದ್ದೇ ಉಳಿಯಿತು, ಜನರ ಬಾಯಲ್ಲಿ ಮಾತ್ರ ಐರ್ವಿನ್ ಆಯಿತು. ಇನ್ನೊಂದು ವಿಷಯ ನಿಮ್ಮ ಕಡೆ ಜಾಸ್ತಿ ಜನಕ್ಕೆ ಗೊತ್ತಿರಲಿಕ್ಕಿಲ್ಲ. ತೇರದಾಳ, ರಬಕವಿ, ಶಿರಹಟ್ಟಿ, ಬೆಳಗಾವಿಯ ಶಹಾಪುರ, ಇವೆಲ್ಲ ಆಗ ಸಾಂಗ್ಲಿ ಸಂಸ್ಥಾನಕ್ಕೇ ಸೇರಿದ್ದವು. ಅಂದಮೇಲೆ ಈ ಕಲ್ಲುಗಳಲ್ಲಿ ಕನ್ನಡದವರು ಕಟ್ಟಿದ ಕಂದಾಯವೂ ಒಂದಿಷ್ಟು ಇರಲೇಬೇಕು, ಅಲ್ವಾ?

ಆದರೆ ಈಗ ಅದರ ದೊಡ್ಡ ಕೆಲಸ ಬೇರೆ. ಅದು ನಮ್ಮ ಅಳತೆಗೋಲು. ಹೊಳೆ ಎಷ್ಟು ಏರಿದೆ ಅಂತ ಅಳೆಯುವುದು ಅಲ್ಲೇ. 40 ಫೂಟು ಅಂದರೆ ಎಚ್ಚರಿಕೆ, 45 ಅಂದರೆ ಅಪಾಯ. ಆಗಸ್ಟ್ ಬಂತೆಂದರೆ ಹಾಲಿನವನು, ರಿಕ್ಷಾದವನು, ಅರಿಶಿನ ಪೇಟೆಯ ಹಮಾಲ, ಎಲ್ಲರದ್ದೂ ಒಂದೇ ಪ್ರಶ್ನೆ, "ಎಷ್ಟ ಫೂಟಿಗೆ ಬಂತ್ರಿ?" ಉತ್ತರ ಕೇಳಿದ ಕೂಡಲೇ ತಮ್ಮ ಓಣಿಗೆ ನೀರು ಬರುತ್ತೋ ಇಲ್ಲವೋ ಅಂತ ಅವರೇ ಲೆಕ್ಕ ಹಾಕಿಬಿಡ್ತಾರೆ, ಯಾವ ಅಧಿಕಾರಿಯೂ ಬಂದು ಹೇಳಬೇಕಾಗಿಲ್ಲ. 2019ರಲ್ಲಿ 57 ದಾಟಿತು. ಪೇಟೆಯೊಳಗೆ ದೋಣಿ ಓಡಾಡಿದವು. 2021ರಲ್ಲೂ 55ರ ಹತ್ತಿರ ಬಂದಿತ್ತು.

ಯಾಕೆ ಹೀಗೆ ಅಂತ ಕೇಳಿದರೆ ಜಗಳ ಶುರು. ಇಲ್ಲಿ ಚಹಾದಂಗಡಿಯಲ್ಲಿ ಕೂತರೆ ಎಲ್ಲ ಆಲಮಟ್ಟಿಯದ್ದೇ ತಪ್ಪು, ಹಿನ್ನೀರು ಇಲ್ಲಿವರೆಗೂ ಬರುತ್ತೆ. ಮನೆಗೆ ಹೋಗಿ ಕನ್ನಡ ಚಾನೆಲ್ ಹಾಕಿದರೆ ಎಲ್ಲ ಮೇಲಿನ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರದ್ದೇ ತಪ್ಪು. ನಾನು ಎರಡೂ ಕಡೆ ತಲೆಯಾಡಿಸಿ ಸುಮ್ನಿರುತ್ತೇನೆ. ನನಗನ್ನಿಸುವುದು ಇಷ್ಟು. ಸಾಂಗ್ಲಿ ದಾಟಿದ ಕೂಡಲೇ ಹರಿಪುರದಲ್ಲಿ ವಾರಣಾ ಹೊಳೆ ಬಂದು ಸೇರುತ್ತೆ, ಇನ್ನೊಂದಿಷ್ಟು ಮುಂದೆ ನರಸೋಬಾವಾಡಿಯಲ್ಲಿ ಪಂಚಗಂಗಾ. ಮೂರೂ ಒಂದೇ ಹೊತ್ತಿಗೆ ತುಂಬಿ ಬಂದರೆ ಕೃಷ್ಣೆಗೆ ಮುಂದೆ ಹೋಗಲು ದಾರಿ ಎಲ್ಲಿದೆ? ನಿಂತ ನೀರು ಹಿಂದಕ್ಕೆ ಊರೊಳಗೆ ನುಗ್ಗುತ್ತೆ. ಹೊಳೆ ಪಾತ್ರದಲ್ಲೇ ಮನೆ ಕಟ್ಟಿಕೊಂಡಿದ್ದೇವಲ್ಲ, ಅದನ್ನಂತೂ ಯಾರೂ ಬಾಯಿಬಿಟ್ಟು ಹೇಳಲ್ಲ.

ಇನ್ನು ನಮ್ಮ ಜತ್ತ. ಇದೇ ಜಿಲ್ಲೆ, ಆದರೆ ಪೂರ್ವದ ಒಣ ಮೂಲೆ. 2019ರ ಆ ವಾರ ಊರಿಂದ ಅಣ್ಣ ದಿನಾ ಫೋನ್ ಮಾಡುತ್ತಿದ್ದ. ನಾನು ಮಾಳಿಗೆ ಮೇಲೆ ನಿಂತು, ಕೆಳಗೆ ಮೊಣಕಾಲುದ್ದ ನೀರು ನೋಡುತ್ತಾ ಮಾತಾಡುತ್ತಿದ್ದೆ. ಎಷ್ಟು ಫೂಟು ಅಂತ ಕೇಳಿ, ಮಕ್ಕಳು ಹುಷಾರು ಅಂತ ಹೇಳಿ, ಫೋನ್ ಇಡುವ ಮುಂಚೆ ಒಂದು ಮಾತು ಸೇರಿಸುತ್ತಿದ್ದ, "ಇಲ್ಲಿ ಇನ್ನೂ ಟ್ಯಾಂಕರ್ ಬಂದಿಲ್ಲೋ ತಮ್ಮಾ."