ಸಿಪಿಯು ಕೂಲರ್‌ಗೆ ಗ್ರೂವ್ಡ್, ಮೆಶ್, ಸಿಂಟರ್ಡ್ ಹೀಟ್ ಪೈಪ್‌ಗಳಲ್ಲಿ ಯಾವುದು ಒಳ್ಳೆಯದು? ವೇಪರ್ ಚೇಂಬರ್ ತಗೊಳ್ಳಬೇಕಾ?

ನಾನೂ ಇದೇ ಲೆಕ್ಕಾಚಾರದಲ್ಲಿ ಮುಳುಗಿದ್ದವನು. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲ. ಪ್ರೊಸೆಸರಿನ ಶಾಖವನ್ನು ಫಿನ್‌ಗಳಿಗೆ, ಅಂದರೆ ಗಾಳಿಗೆ ತಣಿಯುವ ತೆಳು ಲೋಹದ ಹಾಳೆಗಳಿಗೆ, ಒಯ್ಯುವ ಈ ಪೈಪ್ ನಿಮ್ಮ ಕೇಸಿನಲ್ಲಿ ಯಾವ ಕಡೆ ಬಾಗಿ ಕೂರುತ್ತದೆ, ಅದನ್ನು ಮೊದಲು ನೋಡಿ.

ನನ್ನದು ಚಿಕ್ಕ ಕೇಸು, ಎತ್ತರದ ಟವರ್ ಕೂಲರ್ ಹಿಡಿಸುತ್ತಿರಲಿಲ್ಲ. ಪೈಪ್‌ಗಳು ‘ಸಿ’ ಆಕಾರದಲ್ಲಿ ಬಾಗಿ, ಫಿನ್‌ಗಳು ಮದರ್‌ಬೋರ್ಡಿಗೆ ಸಮಾನಾಂತರವಾಗಿ ಕೂರುವ ಕೂಲರ್ ಹಾಕಿದ್ದೆ. ವಿಡಿಯೋ ರೆಂಡರ್‌ಗೆ ಇಟ್ಟರೆ ಸಾಕು, ಪ್ರೊಸೆಸರ್ 95 ಡಿಗ್ರಿ ದಾಟಿ ವೇಗ ಕುಗ್ಗಿಸಿಕೊಳ್ಳುತ್ತಿತ್ತು. ಫಿನ್ ಮುಟ್ಟಿದರೆ ಬರೀ ಉಗುರುಬೆಚ್ಚಗೆ! ಶಾಖ ಅಲ್ಲಿಯವರೆಗೆ ಬರುತ್ತಲೇ ಇಲ್ಲ ಅಂತ ಆಗಲೇ ಹೊಳೆಯಬೇಕಿತ್ತು. ನಾನು ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಪೇಸ್ಟ್ ಬದಲಿಸಿದೆ, ಫ್ಯಾನ್ ಬದಲಿಸಿದೆ, ದುಡ್ಡು ದಂಡವಾಯಿತು. ಧೂಳು ತೆಗೆಯಲು ಕೇಸನ್ನು ಮಲಗಿಸಿ, ಹಾಗೇ ಆನ್ ಮಾಡಿ ರೆಂಡರ್‌ಗೆ ಇಟ್ಟಾಗ ತಾಪಮಾನ ಏರಲೇ ಇಲ್ಲ.

ಆಗಿದ್ದಿಷ್ಟು. ತಾಮ್ರದ ಪೈಪಿನೊಳಗೆ ಗಾಳಿ ತೆಗೆದು ಸ್ವಲ್ಪವೇ ನೀರು ಬಿಟ್ಟಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ 100 ಡಿಗ್ರಿಗಿಂತ ಎಷ್ಟೋ ಕೆಳಗೇ ಅದು ಆವಿಯಾಗಿ, ಫಿನ್ ಕಡೆಗೆ ಓಡಿ, ಅಲ್ಲಿ ತಣಿದು ಮತ್ತೆ ನೀರಾಗುತ್ತದೆ. ಆ ನೀರನ್ನು ಪ್ರೊಸೆಸರ್ ಕಡೆಗೆ ವಾಪಸ್ ತರುವುದು ಒಳಗೋಡೆಯ ವಿಕ್, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಗ್ರೂವ್ಡ್, ಮೆಶ್, ಸಿಂಟರ್ಡ್ ಅನ್ನುವುದು ಈ ವಿಕ್‌ನ ಬಗೆಗಳೇ. ನಾನು ಬಾಗು ಮೇಲೆ ಬರುವಂತೆ ಕೂಲರ್ ಕೂರಿಸಿದ್ದೆ. ಹಾಗಾಗಿ ಕೇಸು ನಿಂತಾಗ ನೀರು ಫಿನ್ ಕಡೆಯ ತುದಿಗಳಲ್ಲಿ ಇಳಿದು ನಿಲ್ಲುತ್ತಿತ್ತು. ಪ್ರೊಸೆಸರ್ ತಲುಪಲು ಅದು ಬಾಗು ಹತ್ತಿ ಈಚೆ ಬರಬೇಕಿತ್ತು. ನನ್ನದು ಗ್ರೂವ್ಡ್ ಪೈಪ್. ಅದರ ಒಳಗೋಡೆಯ ಗೀರುಗಳೇ ವಿಕ್; ಅವುಗಳಲ್ಲಿ ನೀರು ಸಲೀಸಾಗಿ ಹರಿಯುತ್ತದೆ, ಆದರೆ ಮೇಲಕ್ಕೆ ಹತ್ತುವ ಶಕ್ತಿ ತೀರಾ ಕಡಿಮೆ. ಪ್ರೊಸೆಸರ್ ಕಡೆಯ ತುದಿ ಒಣಗಿಹೋಗುತ್ತಿತ್ತು. ಬಾಗು ಕೆಳಗೆ ಬರುವಂತೆ ತಿರುಗಿಸಿ ಕೂರಿಸಿದೆ, ಅದೇ ಕೂಲರ್ ಈಗಲೂ ಓಡುತ್ತಿದೆ.

ಸಿಂಟರ್ಡ್‌ನಲ್ಲಿ ತಾಮ್ರದ ಪುಡಿಯ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಗುರುತ್ವದ ವಿರುದ್ಧವೂ ನೀರು ಎಳೆಯುತ್ತದೆ. ಹೇಗೆ ಕೂರಿಸುತ್ತೀರಿ ಅಂತ ಖಾತ್ರಿಯಿಲ್ಲದಿದ್ದರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ತಂತಿ ಬಲೆಯ ವಿಕ್ ಇರುವ ಮೆಶ್ ಇವೆರಡರ ನಡುವಿನದು. ವೇಪರ್ ಚೇಂಬರ್ ಅಂದರೆ ಪೈಪಿನ ಬದಲು ಚಪ್ಪಟೆ ಪೆಟ್ಟಿಗೆ. ಅದರೊಳಗೂ ನಡೆಯುವುದು ಇದೇ ಕೆಲಸ, ಶಾಖವನ್ನು ಅಗಲಕ್ಕೆ ಹರಡುತ್ತದೆ ಅಷ್ಟೇ. ಗ್ರಾಫಿಕ್ಸ್ ಕಾರ್ಡಿಗೆ ಸರಿ. ಟವರ್ ಕೂಲರ್ ಹಾಕುವವರು ಅದಕ್ಕೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಪೈಪನ್ನು ತೀರಾ ಚಪ್ಪಟೆ ಮಾಡಿದ್ದರೆ ಮಾತ್ರ ವಿಕ್ ಯಾವುದೇ ಇರಲಿ, ಬೇಡ. ಆವಿ ಓಡಲು ಜಾಗವೇ ಉಳಿದಿರುವುದಿಲ್ಲ.

ಹೊಸದು ಕೊಳ್ಳುವ ಮುಂಚೆ ಕೇಸು ನಿಲ್ಲಿಸಿ ಒಮ್ಮೆ, ಮಲಗಿಸಿ ಒಮ್ಮೆ ಒಂದೇ ಲೋಡ್ ಕೊಟ್ಟು ತಾಪಮಾನ ಬರೆದುಕೊಳ್ಳಿ. ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಕೂಲರ್ ತಿರುಗಿಸಿ ನೋಡಿ.