ಅಪ್ಪ ಟಿಬಿ ಮಾತ್ರೆ ಅರ್ಧಕ್ಕೇ ಬಿಟ್ಟಿದ್ದು ಯಾಕೆ?

ಎರಡು ತಿಂಗಳು ಟಿಬಿ ಮಾತ್ರೆ ತಗೊಂಡು, ಕೆಮ್ಮು ನಿಂತಿತು ಅಂತ ಅಪ್ಪ ಬಿಟ್ಟುಬಿಟ್ಟಿದ್ದಾರೆ, ಇಷ್ಟು ಹಠ ಯಾಕೆ ಅಂತ ಕೇಳಿದ್ದೀರಿ. ನನಗೆ ಇದು ಹಠ ಅನ್ನಿಸುವುದಿಲ್ಲ. ಸಾಮಾನ್ಯ ಟಿಬಿಗೆ 6 ತಿಂಗಳ ಚಿಕಿತ್ಸೆ, ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲೆ 4 ತಿಂಗಳು ಮೂರು. ಆದರೆ ಜ್ವರ, ಕೆಮ್ಮು ಕೆಲವೇ ವಾರಗಳಲ್ಲಿ ಇಳಿಯುತ್ತೆ, ಹಸಿವು ಬರುತ್ತೆ, ಆಗ ಕಾಯಿಲೆ ಕಣ್ಣಿಗೆ ಕಾಣುವುದಿಲ್ಲ, ಮಾತ್ರೆಯ ಕಾಟ ಮಾತ್ರ ಕಾಣುತ್ತೆ. ವಾಕರಿಕೆ, ಕೀಲು ನೋವು, ಜೊತೆಗೆ ಇವುಗಳಲ್ಲಿ ಒಂದಾದ ರಿಫಾಂಪಿಸಿನ್ ಔಷಧಿಯಿಂದ ಕೆಂಪಾಗುವ ಮೂತ್ರ. ಆ ಬಣ್ಣದಿಂದ ತೊಂದರೆ ಇಲ್ಲ ಅಂತ ಮೊದಲೇ ಯಾರೂ ಹೇಳದಿದ್ದರೆ ರಕ್ತ ಹೋಗ್ತಿದೆ ಅಂತ ಯಾರಾದರೂ ಹೆದರುತ್ತಾರೆ ಅಲ್ವಾ?

ಇನ್ನೊಂದು ಕಾರಣ, ಊರವರ ಬಾಯಿ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರಂತೂ ಮಾತ್ರೆ ಬಚ್ಚಿಟ್ಟುಕೊಂಡು ನುಂಗುವವರೂ ಇದ್ದಾರೆ.

ಸುಮ್ನೆ ಬೈಯಬೇಡಿ, ಯಾವುದು ಕಷ್ಟ ಆಗ್ತಿದೆ ಅಂತ ಕೇಳಿ. ಕುಡಿತ ಇದ್ದರೆ ಅದನ್ನೂ ಡಾಕ್ಟರಿಗೆ ಮುಚ್ಚಿಡಬೇಡಿ, ಈ ಮಾತ್ರೆಗಳಿಗೂ ಲಿವರ್‌ಗೂ ಮೊದಲೇ ಆಗಿಬರುವುದಿಲ್ಲ. ಕಣ್ಣು ಹಳದಿಯಾಗಿದ್ದರೆ ಇವತ್ತೇ ಕರೆದುಕೊಂಡು ಹೋಗಿ. ಉಳಿದ ಮಾತ್ರೆಗಳನ್ನು ನೀವೇ ಮತ್ತೆ ಶುರು ಮಾಡಿಸಬೇಡಿ. ಎಷ್ಟು ದಿನ ಬಿಟ್ಟಿದ್ದಾರೆ ಅನ್ನೋದು ನೋಡಿ, ಬೇಕಿದ್ದರೆ ಕಫ ಪರೀಕ್ಷೆ ಮಾಡಿಸಿ, ಮುಂದೇನು ಅಂತ ಡಾಕ್ಟರೇ ಹೇಳುತ್ತಾರೆ. ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣು ಔಷಧಿಗೆ ಬಗ್ಗದ ಹಾಗೆ ಆಗಬಹುದು, ಅದರ ಚಿಕಿತ್ಸೆ ಇನ್ನೂ ಕಷ್ಟ. ಖರ್ಚಿನ ಚಿಂತೆ ಇದ್ದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿಯೂ ಇದೆ (2024ರ ನವೆಂಬರ್‌ವರೆಗೆ 500 ಇತ್ತು). ಬ್ಯಾಂಕ್ ಖಾತೆ ಕೊಟ್ಟಿದ್ದೀರಾ ನೋಡಿ.